ಸ್ಕೂಬಾ ಕಲಿಯಬೇಕು: ನಮಗೆ ಹೊಂದುವ ಇನ್‌ಸ್ಟ್ರಕ್ಟರ್ ಅನ್ನು ಹುಡುಕುವುದು ಹೇಗೆ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಮುರುಡೇಶ್ವರಕ್ಕೆ ಹೋದಾಗ ನಾನು, ನನ್ನ ಹೆಂಡತಿ ಇಬ್ಬರೂ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ಸ್ಕೂಬಾ ಮಾಡಿದೆವು. ಕೋರ್ಸ್ ಅಲ್ಲ, ಟ್ರೈ ಡೈವ್. ಇನ್‌ಸ್ಟ್ರಕ್ಟರ್ ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡಿದ್ದರು, ನಾವು ಉಸಿರಾಡುತ್ತಾ ಮೀನು ನೋಡಿದೆವು, ಅಷ್ಟೇ. ಅವತ್ತಿನಿಂದ ಇದನ್ನು ಸರಿಯಾಗಿ ಕಲಿಯಬೇಕು ಅನ್ನುವ ಆಸೆ ಬಿಟ್ಟಿಲ್ಲ. ಹೆಂಡತಿಗೂ ಆಸೆ ಇದೆ. ಆದರೆ ಮಾಸ್ಕ್ ಒಳಗೆ ನೀರು ಬಂದರೆ ಅವಳಿಗೆ ತುಂಬಾ ಗಾಬರಿ. ಈಜು ಬರುತ್ತದೆ, ಜಾಸ್ತಿ ದೂರ ಆಗುವುದಿಲ್ಲ.

ಜನವರಿಯಲ್ಲಿ ಒಂದು ವಾರ ರಜೆ ಸಿಗುತ್ತದೆ. ಓಪನ್ ವಾಟರ್, ಅಂದರೆ ಸ್ಕೂಬಾದ ಮೊದಲ ಹಂತದ ಕೋರ್ಸ್ ಮಾಡೋಣ ಅಂತಿದ್ದೇವೆ. ನಾಲ್ಕೈದು ಕಡೆ ಫೋನ್ ಮಾಡಿದೆ. ಎಲ್ಲರೂ ರೇಟು ಹೇಳಿದರು, ಫೋಟೋ ವಿಡಿಯೋ ಫ್ರೀ ಅಂದರು. ಕಲಿಸುವವರು ಯಾರು ಅಂತ ಒಬ್ಬರೂ ಹೇಳಲಿಲ್ಲ. ಏನು ಕೇಳಬೇಕು? ಕಾರ್ಡ್ ಕೊಡುವ ಸಂಸ್ಥೆಗಳಲ್ಲಿ ಪ್ಯಾಡಿ ಒಳ್ಳೆಯದಾ, ಎಸ್‌ಎಸ್‌ಐ ಒಳ್ಳೆಯದಾ? ಅಂಡಮಾನಿಗೇ ಹೋಗಬೇಕಾ? ತಿಳಿದವರು ದಯವಿಟ್ಟು ಹೇಳಿ.

ಹೊನ್ನಾವರದವ (ಹ್ಯಾವ್‌ಲಾಕ್)

ಸರ್, ನಾನು ಇಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಡೈವಿಂಗ್ ಕಲಿಸುತ್ತೇನೆ. ನಮ್ಮ ಸೆಂಟರ್ ಹೆಸರು ಇಲ್ಲಿ ಹಾಕುವುದಿಲ್ಲ. ನನ್ನ ಹತ್ತಿರವೇ ಬನ್ನಿ ಅನ್ನುವುದಕ್ಕೆ ಬರೆಯುತ್ತಿಲ್ಲ.

ಮೊದಲು ನಿಮಗೆ ಏನು ಬೇಕು ಅಂತ ನೀವೇ ತೀರ್ಮಾನ ಮಾಡಿಕೊಳ್ಳಿ. ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ ಗೈಡ್ ಹಿಂದೆ ಈಜಿದರೆ ಸಾಕಾ? ಅಥವಾ ಗಂಡ ಹೆಂಡತಿ ಇಬ್ಬರೇ ಒಬ್ಬರನ್ನೊಬ್ಬರು ನೋಡಿಕೊಂಡು ಡೈವ್ ಮಾಡುವಷ್ಟು ಕಲಿಯಬೇಕಾ? ಓಪನ್ ವಾಟರ್ ಕಾರ್ಡ್ ಎರಡಕ್ಕೂ ಒಂದೇ. ಕಲಿಸುವ ರೀತಿ ಒಂದೇ ಅಲ್ಲ.

ಫೋನಿನಲ್ಲಿ ನೀವು ಮೊದಲು ಕೇಳಬೇಕಾದ್ದು ಇದು: "ನೀರಿನಲ್ಲಿ ನಮ್ಮ ಜೊತೆ ಇರುವವರು ಯಾರು, ಅವರ ಜೊತೆ ಈಗಲೇ ಹತ್ತು ನಿಮಿಷ ಮಾತಾಡಬಹುದಾ?" ಸೆಂಟರ್ ಮಾಲೀಕರು ಒಳ್ಳೆಯವರಿರಬಹುದು, ಬುಕಿಂಗ್ ತೆಗೆದುಕೊಳ್ಳುವವರು ನಯವಾಗಿ ಮಾತಾಡಬಹುದು. ಆದರೆ ನಿಮಗೆ ಮಾಸ್ಕ್ ತೆಗೆದು ಹಾಕಿಕೊಳ್ಳಲು ಕಲಿಸುವವರು ಬೇರೆ ಒಬ್ಬರು. ಅವರ ಹೆಸರು ಹೇಳದೆ ದುಡ್ಡು ಕಟ್ಟಿಸಿಕೊಳ್ಳುವ ಜಾಗಕ್ಕೆ ನಾನಾದರೆ ಹೋಗುವುದಿಲ್ಲ.

ಹೆಸರು ಸಿಕ್ಕ ಮೇಲೆ ಅವರ ಇನ್‌ಸ್ಟ್ರಕ್ಟರ್ ನಂಬರ್ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಪ್ಯಾಡಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಅವರು ಈಗ ಕಲಿಸುವ ಅರ್ಹತೆ ಉಳಿಸಿಕೊಂಡಿದ್ದಾರಾ ಅಂತ ತೋರಿಸುತ್ತದೆ. ವರ್ಷ ವರ್ಷ ನವೀಕರಿಸಬೇಕು. ಡೈವ್‌ಮಾಸ್ಟರ್ ಬೇರೆ, ಇನ್‌ಸ್ಟ್ರಕ್ಟರ್ ಬೇರೆ. ಡೈವ್‌ಮಾಸ್ಟರ್ ಕಾರ್ಡ್ ಇರುವವರನ್ನು ಸುತ್ತಾಡಿಸಬಹುದು, ಕೋರ್ಸಿನಲ್ಲಿ ಸಹಾಯಕ್ಕೆ ನಿಲ್ಲಬಹುದು. ಓಪನ್ ವಾಟರ್ ಕಾರ್ಡ್ ಕೊಡುವುದಕ್ಕೆ ಇನ್‌ಸ್ಟ್ರಕ್ಟರ್ರೇ ಬೇಕು.

ಆಮೇಲೆ ಎಷ್ಟು ಜನ ಅಂತ ಕೇಳಿ. ಪ್ಯಾಡಿ ನಿಯಮದಲ್ಲಿ ಸಮುದ್ರದ ತರಬೇತಿಗೆ ಒಬ್ಬ ಇನ್‌ಸ್ಟ್ರಕ್ಟರ್‌ಗೆ 8 ಜನರವರೆಗೆ ಇರಬಹುದು. ಅದು ಮೇಲಿನ ಮಿತಿ, ಒಳ್ಳೆಯ ಸಂಖ್ಯೆ ಅಲ್ಲ. ನನ್ನ ಕೈಯಲ್ಲಿದ್ದರೆ ನಾಲ್ಕರ ಮೇಲೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮನೆಯವರಿಗೆ ಮಾಸ್ಕ್ ಭಯ ಇದ್ದರೆ ನೀವಿಬ್ಬರೇ ಇರುವ ಬ್ಯಾಚ್ ಕೇಳಿ.

ಕೊನೆಯದಾಗಿ, "ನಾಲ್ಕು ದಿನದಲ್ಲಿ ನನಗೆ ಬರದಿದ್ದರೆ ಏನು ಮಾಡುತ್ತೀರಿ?" ಅಂತ ಕೇಳಿ ನೋಡಿ. "ಎಲ್ಲರಿಗೂ ಬರುತ್ತದೆ, ಟೆನ್ಶನ್ ಬೇಡ" ಅನ್ನುವುದು ಉತ್ತರ ಅಲ್ಲ. "ಒಂದು ದಿನ ಜಾಸ್ತಿ ತೆಗೆದುಕೊಳ್ಳೋಣ, ಅದಕ್ಕೆ ಇಷ್ಟಾಗುತ್ತದೆ" ಅಥವಾ "ಕಲಿತಷ್ಟಕ್ಕೆ ರೆಫರಲ್ (ಇಷ್ಟು ಪಾಠ ಮುಗಿದಿದೆ ಅನ್ನುವ ಪತ್ರ) ಬರೆದುಕೊಡುತ್ತೇನೆ, ಉಳಿದದ್ದು ಇನ್ನೊಮ್ಮೆ ಮುಗಿಸಿ" ಅಂದರೆ ಅವರು ಯೋಚನೆ ಮಾಡಿದ್ದಾರೆ ಅಂತ ಅರ್ಥ.

ರಾಜಾಜಿನಗರ

ರೇಟಿನ ಬಗ್ಗೆ ಒಂದು ಮಾತು. ಕಡಿಮೆ ಹೇಳಿದವರ ಹತ್ತಿರ ಇ-ಲರ್ನಿಂಗ್, ಕಾರ್ಡಿನ ಫೀಸು, ದೋಣಿ, ಬಾಡಿಗೆ ಸಾಮಾನು ಎಲ್ಲ ಸೇರಿದೆಯಾ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನನಗೆ ಒಂದು ಕಡೆ ಕೋರ್ಸ್ ಶುರುವಾದ ಮೇಲೆ ಕಾರ್ಡಿನ ಫೀಸು ಬೇರೆ ಅಂದರು. ಅಷ್ಟು ದೂರ ಹೋದ ಮೇಲೆ ಬೇಡ ಅನ್ನಲು ಆಗುತ್ತದಾ?

ಕುಂದಾಪ್ರ ಅಕ್ಕ

ತುಂಗಾತೀರ ಅವರೇ, ನಿಮ್ಮ ಹೆಂಡತಿಯ ಪರವಾಗಿ ನಾನು ಬರೆಯುತ್ತೇನೆ. ನನಗೂ ಮಾಸ್ಕಿಗೆ ನೀರು ಬಂದರೆ ಉಸಿರೇ ನಿಂತ ಹಾಗೆ ಆಗುತ್ತಿತ್ತು. ನನಗೆ ಕಲಿಸಿದವರು ಮೊದಲ ದಿನ ಸಮುದ್ರಕ್ಕೆ ಕರೆದುಕೊಂಡು ಹೋಗಲೇ ಇಲ್ಲ. ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ, ಬಾಯಲ್ಲಿಟ್ಟುಕೊಂಡು ಸಿಲಿಂಡರ್ ಗಾಳಿ ಎಳೆಯುವ ರೆಗ್ಯುಲೇಟರ್‌ನಿಂದ ಬಾಯಲ್ಲಿ ಮಾತ್ರ ಉಸಿರಾಡಲು ಹೇಳಿದರು. ಮೂಗಿಗೆ ನೀರು ತಾಗಿದರೂ ಉಸಿರಾಡಬಹುದು ಅಂತ ಮೈಗೆ ಗೊತ್ತಾಗಬೇಕು. ಅದಾದ ಮೇಲೆ ಮಾಸ್ಕಿಗೆ ಸ್ವಲ್ಪ ನೀರು, ಆಮೇಲೆ ಅರ್ಧ, ಆಮೇಲೆ ಪೂರ್ತಿ. ತಲೆ ಸ್ವಲ್ಪ ಮೇಲಕ್ಕೆತ್ತಿ ಮೂಗಿನಿಂದ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಅವರು ಒಂದು ಸಲವೂ "ಅಷ್ಟೇನಾ, ಇದರಲ್ಲೇನಿದೆ" ಅನ್ನಲಿಲ್ಲ. ಆ ಒಂದು ಗುಣ ನೋಡಿ ಆರಿಸಿ.

ಇನ್ನೊಂದು ವಿಷಯ. ಕಲಿಯುವಾಗ ಗಂಡ ಪಕ್ಕದಲ್ಲಿ ನಿಂತು "ಮಾಡು, ಮಾಡು" ಅನ್ನುತ್ತಿದ್ದರೆ ಭಯ ಇನ್ನೂ ಜಾಸ್ತಿಯಾಗುತ್ತದೆ. ಈಜುಕೊಳದ ಪಾಠ ಅವರಿಗೆ ಬೇರೆಯಾಗಿ ಕೊಡಿಸಿ. ಹೆಣ್ಣುಮಕ್ಕಳು ಕಲಿಸುವವರು ಬೇಕು ಅಂದರೆ ಮೊದಲೇ ಕೇಳಿ. ಎಷ್ಟೋ ಕಡೆ ಇದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವವರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಗಾಬರಿಯಾದಾಗ ಇಂಗ್ಲಿಷ್ ಸೂಚನೆ ತಲೆಗೆ ಹೋಗುವುದಿಲ್ಲ.

ಸಿಲಿಂಡರ್ 200

ಪ್ಯಾಡಿ, ಎಸ್‌ಎಸ್‌ಐ ಪ್ರಶ್ನೆಗೆ. ಪ್ಯಾಡಿ 1966ರಲ್ಲಿ ಶುರುವಾಯಿತು, ಎಸ್‌ಎಸ್‌ಐ 1970ರಲ್ಲಿ. ಎರಡೂ ಅಮೆರಿಕದಲ್ಲಿ ಹುಟ್ಟಿದ್ದು, ಎರಡರ ಓಪನ್ ವಾಟರ್ ಕಾರ್ಡೂ 18 ಮೀಟರ್ ಆಳಕ್ಕೆ, ಎರಡನ್ನೂ ಎಲ್ಲ ಕಡೆ ಒಪ್ಪುತ್ತಾರೆ. ಯುರೋಪಿನಲ್ಲಿ ಸಿಮಾಸ್, ಬ್ರಿಟನ್ನಿನಲ್ಲಿ ಬಿಎಸ್‌ಎಸಿ ಕ್ಲಬ್ಬುಗಳೂ ಇವೆ. ಸಿಲೆಬಸ್ ಹೆಚ್ಚು ಕಡಿಮೆ ಒಂದೇ, ಮೇಷ್ಟ್ರು ಬೇರೆ ಬೇರೆ. ಒಂದೇ ವ್ಯತ್ಯಾಸ ಗೊತ್ತಿರಲಿ: ಎಸ್‌ಎಸ್‌ಐ ಇನ್‌ಸ್ಟ್ರಕ್ಟರ್ ಯಾವುದಾದರೂ ಸೆಂಟರ್‌ಗೆ ಸೇರಿಕೊಂಡೇ ಕಲಿಸಬೇಕು, ಪ್ಯಾಡಿಯವರು ಸ್ವತಂತ್ರವಾಗಿಯೂ ಕಲಿಸಬಹುದು. ಸ್ವತಂತ್ರವಾಗಿ ಕಲಿಸುವವರಾದರೆ ಸಿಲಿಂಡರ್ ಎಲ್ಲಿಂದ ತರುತ್ತಾರೆ, ಆಕ್ಸಿಜನ್ ಕಿಟ್ ಯಾರದು ಅಂತ ಕೇಳಿ.

ಅನುಭವ ಜಾಸ್ತಿ ಇರುವವರನ್ನೇ ಆರಿಸಿ, ಅದರಲ್ಲಿ ರಾಜಿ ಬೇಡ.

ಹೊನ್ನಾವರದವ (ಹ್ಯಾವ್‌ಲಾಕ್)

ಸಿಲಿಂಡರ್ ಅಣ್ಣ, ಕೊನೆಯ ಮಾತು ಪೂರ್ತಿ ಒಪ್ಪುವುದಿಲ್ಲ. ಇನ್‌ಸ್ಟ್ರಕ್ಟರ್ ಪರೀಕ್ಷೆಗೆ ಕೂರಲು 100 ಡೈವ್ ಆಗಿದ್ದರೆ ಸಾಕು. ಆದ್ದರಿಂದ ತೀರಾ ಹೊಸಬರು ಇರುತ್ತಾರೆ ಅನ್ನುವುದು ನಿಜ. ಆದರೆ ಸಾವಿರಾರು ಡೈವ್ ಮಾಡಿದವರಲ್ಲಿ ಬೇಸರ ಬಂದವರನ್ನೂ ನಾನು ನೋಡಿದ್ದೇನೆ. ಹೊಸಬರಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಅರ್ಧ ದಿನ ಕೊಡುವವರಿದ್ದಾರೆ. ಡೈವ್ ಸಂಖ್ಯೆಗಿಂತ "ನೀವು ಈ ಜಾಗದಲ್ಲಿ ಎಷ್ಟು ಕಾಲದಿಂದ ಕಲಿಸುತ್ತಿದ್ದೀರಿ, ಭಯ ಇರುವವರಿಗೆ ಕಲಿಸಿದ್ದೀರಾ" ಅಂತ ಕೇಳುವುದು ಮುಖ್ಯ. ಇಲ್ಲಿನ ಹರಿವು, ಅಲೆ ಗೊತ್ತಿಲ್ಲದವರು ಬೇರೆ ಕಡೆ ಎಷ್ಟು ಡೈವ್ ಮಾಡಿದ್ದರೂ ಮೊದಲ ತಿಂಗಳು ಅವರೂ ಕಲಿಯುತ್ತಲೇ ಇರುತ್ತಾರೆ.

ಮಂಗಳೂರು ಇಎನ್‌ಟಿ

ನಾನು ಕಿವಿ ಮೂಗು ಗಂಟಲು ನೋಡುವ ವೈದ್ಯೆ, ಡೈವರ್ ಕೂಡ. ಒಳ್ಳೆಯ ಇನ್‌ಸ್ಟ್ರಕ್ಟರ್ ಯಾರು ಅಂತ ನನಗೆ ಮೊದಲು ಗೊತ್ತಾಗುವುದು ಅವರು ವೈದ್ಯಕೀಯ ಫಾರಂ ಅನ್ನು ಹೇಗೆ ಕೊಡುತ್ತಾರೆ ಅನ್ನುವುದರಲ್ಲಿ. ದೋಣಿ ಹತ್ತುವಾಗ ಕೈಗೆ ಕೊಟ್ಟು "ಎಲ್ಲದಕ್ಕೂ ನೋ ಅಂತ ಹಾಕಿ" ಅನ್ನುವವರಿದ್ದಾರೆ. ಅಂಥವರ ಜೊತೆ ನೀರಿಗೆ ಇಳಿಯಬೇಡಿ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಸಕ್ಕರೆ ಕಾಯಿಲೆ, ಕಿವಿಯ ಆಪರೇಷನ್ ಇದ್ದರೆ ಮೊದಲೇ ವೈದ್ಯರ ಸಹಿ ಬೇಕು. ಶ್ವಾಸಕೋಶ ಹಿಂದೆ ತಾನಾಗಿ ಕುಸಿದಿದ್ದರೆ, ಗರ್ಭಿಣಿಯಾಗಿದ್ದರೆ ಡೈವಿಂಗ್ ಬೇಡ. ಫಾರಂ ಅನ್ನು ವಾರಗಳ ಮೊದಲೇ ಕಳುಹಿಸಿ, ಅದನ್ನು ಓದಿ, ನಿಮಗೆ ಫೋನ್ ಮಾಡಿ ವಿಚಾರಿಸುವವರು ಸಿಕ್ಕರೆ ಬಿಡಬೇಡಿ.

ಕಿವಿ ಬಗ್ಗೆ. ಮೇಲ್ಮೈಯಿಂದ 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಎರಡರಷ್ಟಾಗುತ್ತದೆ. ಅದಕ್ಕೇ ಮೊದಲ ಕೆಲವು ಮೀಟರ್‌ಗಳಲ್ಲೇ ಕಿವಿ ಜಾಸ್ತಿ ಕಾಡುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಸಮ ಮಾಡಿಕೊಳ್ಳಬೇಕು, ನೋವು ಬರುವ ಮೊದಲೇ. ನೋವಾದರೆ ಸ್ವಲ್ಪ ಮೇಲೆ ಬರಬೇಕು. ಹಗ್ಗ ಹಿಡಿದು ನಿಧಾನವಾಗಿ ಇಳಿಸುತ್ತಾರಾ ಅಂತ ಕೇಳಿ. ಗುಂಪು ದೊಡ್ಡದಿದ್ದರೆ ಒಬ್ಬರ ಕಿವಿಗಾಗಿ ಕಾಯುವುದು ಕಷ್ಟ, ಅಲ್ವಾ? ಅಲ್ಲೇ ತೊಂದರೆ ಶುರುವಾಗುವುದು. ನೆಗಡಿ ಇದ್ದ ದಿನ ಡೈವ್ ಬೇಡ. ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ನೀರಿನೊಳಗಿರುವಾಗಲೇ ಮುಗಿದು, ಮೇಲೆ ಬರುವಾಗ ಗಾಳಿ ಒಳಗೆ ಸಿಕ್ಕಿಕೊಳ್ಳಬಹುದು.

ತುಂಗಾತೀರ (ಶಿವಮೊಗ್ಗ)

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಧನ್ಯವಾದ. ಹೆಂಡತಿಗೆ ಅಕ್ಕನ ಮಾತು ಓದಿಸಿದೆ. ಈಜುಕೊಳದ ಪಾಠ ಬೇರೆಯಾಗಿಯೇ ಇರಲಿ ಅಂದಳು. ನಮಗೆ ಬೇಕಾದ್ದು ಇಬ್ಬರೇ ನೆಮ್ಮದಿಯಾಗಿ ಡೈವ್ ಮಾಡುವಷ್ಟು ಕಲಿಯುವುದು. ಮುಂದೆ ಹವಳ, ಮೀನು ಗುರುತಿಸುವುದು ಕಲಿಯಬೇಕು ಅನ್ನುವ ಆಸೆಯೂ ಇದೆ. ಹಾಗಾದರೆ ಇನ್‌ಸ್ಟ್ರಕ್ಟರ್‌ನಲ್ಲಿ ಬೇರೆ ಏನು ನೋಡಬೇಕು?

ಗೋಸುಂಬೆ ಮೀನು

ನಾನು ನೀರೊಳಗಿನ ಫೋಟೋ ತೆಗೆಯುತ್ತೇನೆ. ಈ ಪ್ರಶ್ನೆ ನೋಡಿ ಖುಷಿಯಾಯಿತು, ಯಾಕೆಂದರೆ ಇದನ್ನು ಕೋರ್ಸಿಗೆ ಮೊದಲು ಕೇಳುವವರು ಕಡಿಮೆ.

ಓಪನ್ ವಾಟರ್‌ನಲ್ಲಿ ಹಳೆಯ ರೂಢಿ ಹೀಗಿದೆ: ವಿದ್ಯಾರ್ಥಿಗಳನ್ನು ಸಾಲಾಗಿ ಮರಳಿನ ಮೇಲೆ ಮಂಡಿಯೂರಿಸಿ ಒಂದೊಂದೇ ಕೆಲಸ ಮಾಡಿಸುವುದು. ಮಾಸ್ಕ್ ತೆಗೆ, ಹಾಕು, ರೆಗ್ಯುಲೇಟರ್ ಬಿಡು, ಹಿಡಿ. ಕಲಿಸುವವರಿಗೆ ಸುಲಭ. ಆದರೆ ಡೈವ್ ಮಾಡುವಾಗ ನಾವು ಎಂದೂ ಮಂಡಿಯೂರುವುದಿಲ್ಲ. ತಳಕ್ಕೂ ತಾಗದೆ, ಮೇಲಕ್ಕೂ ತೇಲದೆ, ಮಲಗಿದ ಹಾಗೆ ನೀರಿನ ನಡುವೆ ಇರಬೇಕು. ಇದಕ್ಕೆ ಬಾಯನ್ಸಿ ಅನ್ನುತ್ತಾರೆ, ಡೈವಿಂಗ್‌ನ ಜೀವಾಳ ಇದೇ. ಉಸಿರು ಒಳಗೆ ಎಳೆದರೆ ಸ್ವಲ್ಪ ಏರುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳುವ ಜಾಕೆಟ್ಟಿಗೆ, ಎಷ್ಟು ಗಾಳಿ ಬೇಕು, ಸೊಂಟಕ್ಕೆ ಎಷ್ಟು ತೂಕ ಬೇಕು ಅನ್ನುವುದು ಸರಿಯಾದರೆ ಉಳಿದದ್ದು ತಾನಾಗಿ ಸುಲಭವಾಗುತ್ತದೆ. ಗಾಳಿಯೂ ಕಡಿಮೆ ಖರ್ಚಾಗುತ್ತದೆ.

ಎಷ್ಟೋ ಕಡೆ ವಿದ್ಯಾರ್ಥಿಗಳು ಬೇಗ ಮುಳುಗಲಿ ಅಂತ ಬೇಕಾದ್ದಕ್ಕಿಂತ ಜಾಸ್ತಿ ತೂಕ ಕಟ್ಟುತ್ತಾರೆ. ಅವರು ನೆಟ್ಟಗೆ ನಿಂತು ಕಾಲು ಒದೆಯುತ್ತಾರೆ. ಕಾಲಿಗೆ ಹಾಕಿದ ಫಿನ್ ಹವಳಕ್ಕೆ ಬಡಿಯುತ್ತದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಹವಳದ ಕೊಂಬೆ ಒಂದೇ ಏಟಿಗೆ ಮುರಿಯುತ್ತದೆ. ಅದನ್ನು ಕಣ್ಣಾರೆ ನೋಡಿದಾಗ ಹೊಟ್ಟೆ ಉರಿಯುತ್ತದೆ. ನೇತ್ರಾಣಿಯಂಥ ಸಣ್ಣ ಜಾಗ ಇದನ್ನು ಎಷ್ಟು ದಿನ ತಡೆದೀತು?

ಆದ್ದರಿಂದ ಹೀಗೆ ಮಾಡಿ. ಸೆಂಟರ್‌ನವರು ಹಾಕಿರುವ ವಿಡಿಯೋಗಳನ್ನು ಮೀನಿಗಾಗಿ ಅಲ್ಲ, ಮನುಷ್ಯರಿಗಾಗಿ ನೋಡಿ. ಇನ್‌ಸ್ಟ್ರಕ್ಟರ್ ಕಾಲು ಎಲ್ಲಿದೆ? ಅತಿಥಿಗಳು ಹವಳದ ಮೇಲೆ ನಿಂತು ಫೋಟೋಗೆ ಪೋಸ್ ಕೊಡುತ್ತಿದ್ದಾರಾ? ಯಾರಾದರೂ ಮೀನಿಗೆ ಬಿಸ್ಕತ್ತು ಹಾಕುತ್ತಿದ್ದಾರಾ, ಸ್ಟಾರ್ ಫಿಶ್ ಎತ್ತಿ ಕೈಗೆ ಕೊಡುತ್ತಿದ್ದಾರಾ? ಎರಡು ನಿಮಿಷದ ವಿಡಿಯೋ ಸಾಕು, ಅವರು ಏನು ಕಲಿಸುತ್ತಾರೆ ಅಂತ ಗೊತ್ತಾಗುತ್ತದೆ. ಆಮೇಲೆ ಫೋನಿನಲ್ಲಿ "ಮಂಡಿಯೂರಿ ಕಲಿಸುತ್ತೀರಾ, ತೇಲಿಕೊಂಡೇ ಕಲಿಸುತ್ತೀರಾ?" ಅಂತ ಕೇಳಿ. ಈ ಪ್ರಶ್ನೆ ಕೇಳಿದರೆ ಒಳ್ಳೆಯ ಇನ್‌ಸ್ಟ್ರಕ್ಟರ್ ಉತ್ಸಾಹದಿಂದ ಅರ್ಧ ಗಂಟೆ ಮಾತಾಡುತ್ತಾರೆ.

ಮಸ್ಕತ್ ಕನ್ನಡಿಗ

ಇಲ್ಲಿ ಒಮಾನ್‌ನಲ್ಲಿ ನಮಗೆ ಶುಕ್ರವಾರ ಶನಿವಾರ ರಜೆ. ನಾನು ಕೋರ್ಸನ್ನು ವಾರಾಂತ್ಯಗಳಲ್ಲಿ ಹಂಚಿಕೊಂಡು ಕಲಿತೆ. ನಡುವೆ ವಾರ ಪೂರ್ತಿ ಓದಲು ಸಮಯ ಸಿಕ್ಕಿತು, ಭಯವೂ ಇಳಿಯಿತು. ದಿಮಾನಿಯತ್ ದ್ವೀಪಗಳ ಹತ್ತಿರ ಸಮುದ್ರದ ಡೈವ್ ಮುಗಿಸಿದೆ. ನಿಮಗೂ ಇದೇ ದಾರಿ ಇದೆ: ಥಿಯರಿ ಮತ್ತು ಈಜುಕೊಳದ ಪಾಠ ಬೆಂಗಳೂರಿನಲ್ಲಿ ಮುಗಿಸಿ, ಸಮುದ್ರದ 4 ಡೈವ್ ಮಾತ್ರ ಬೇರೆ ಕಡೆ. ಹೊನ್ನಾವರದವರು ಹೇಳಿದ ರೆಫರಲ್ ಇದಕ್ಕೂ ಆಗುತ್ತದೆ. ಪ್ಯಾಡಿಯಲ್ಲಿ ಅದು ಒಂದು ವರ್ಷ ನಡೆಯುತ್ತದೆ. ರಜೆಯ ದಿನಗಳಲ್ಲಿ ಅವಸರ ಇರುವುದಿಲ್ಲ.

ಶಿರಸಿ ಅಮ್ಮ

ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ಮಗನಿಗೆ 11 ವರ್ಷ. ಅವನೂ ಕಲಿಯಬೇಕು ಅಂತ ಹಟ. ಆಗುತ್ತದಾ?

ಹೊನ್ನಾವರದವ (ಹ್ಯಾವ್‌ಲಾಕ್)

ಅಕ್ಕಾ, 10 ವರ್ಷ ತುಂಬಿದರೆ ಜೂನಿಯರ್ ಓಪನ್ ವಾಟರ್ ಮಾಡಬಹುದು. 12 ವರ್ಷದವರೆಗೆ 12 ಮೀಟರ್ ಆಳ ಮಾತ್ರ, ಅದೂ ಕಾರ್ಡ್ ಇರುವ ತಂದೆ ತಾಯಿ ಅಥವಾ ಇನ್‌ಸ್ಟ್ರಕ್ಟರ್ ಥರದವರ ಜೊತೆ. ಆದರೆ ವಯಸ್ಸು ಆಯಿತು ಅಂತ ಮಾತ್ರಕ್ಕೆ ಸೇರಿಸಬೇಡಿ. ತೊಂದರೆಯಾದರೆ ಬಾಯಿಬಿಟ್ಟು ಹೇಳುವ ಮಗುವಾ ಅಂತ ನೋಡಿ. ಮಕ್ಕಳಿಗೆ ಕಲಿಸಿ ರೂಢಿ ಇರುವವರು ಮೊದಲು ಮಗುವಿನ ಜೊತೆ ಮಾತಾಡುತ್ತಾರೆ, ಆಮೇಲೆ ನಿಮ್ಮ ಜೊತೆ. ಮಗು ಬೇಡ ಅಂದ ದಿನ ನಿಲ್ಲಿಸುವವರು ಬೇಕು, ದುಡ್ಡು ಕಟ್ಟಿಯಾಗಿದೆ ಅಂತ ನೀವೂ ಒತ್ತಾಯ ಮಾಡಬಾರದು.

ಕಾರವಾರ 22

ನನಗೆ ಇದೇ ಕೆಲಸ ಬೇಕು. ಡೈವ್‌ಮಾಸ್ಟರ್ ಇಂಟರ್ನ್‌ಶಿಪ್ ಫ್ರೀ ಅಂತ ಒಂದು ಕಡೆ ಹೇಳಿದ್ದಾರೆ. ಸೇರಬಹುದಾ?

ಸಿಲಿಂಡರ್ 200

ತಮ್ಮಾ, ಫ್ರೀ ಅಂದರೆ ನಿನ್ನ ಕೆಲಸದಲ್ಲಿ ವಸೂಲು ಮಾಡುತ್ತಾರೆ. ಅದು ತಪ್ಪೇನಲ್ಲ, ಸಿಲಿಂಡರ್ ಹೊರುವುದೂ ಈ ಕೆಲಸದ ಭಾಗ. ಆದರೆ ದಿನಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಗಂಟೆ ಪಾಠ, ಯಾವ ಇನ್‌ಸ್ಟ್ರಕ್ಟರ್ ನಿನಗೆ ಜವಾಬ್ದಾರಿ ಅಂತ ಬರೆದುಕೊಡಲಿ. ಡೈವ್‌ಮಾಸ್ಟರ್ ಆಗುವುದಕ್ಕೆ ಮೊದಲು ರೆಸ್ಕ್ಯೂ ಕೋರ್ಸ್ ಆಗಿರಬೇಕು, ವಯಸ್ಸು 18 ತುಂಬಿರಬೇಕು, ಮುಗಿಸುವಷ್ಟರಲ್ಲಿ 60 ಡೈವ್ ಆಗಬೇಕು. ಟ್ರೈ ಡೈವ್ ಒಂದೇ ನಡೆಯುವ ಜಾಗದಲ್ಲಿ ನೀನು ಕಲಿಯುವುದು ಸ್ವಲ್ಪ. ಕೋರ್ಸ್, ಆಳದ ಡೈವ್, ರಾತ್ರಿ ಡೈವ್ ಎಲ್ಲ ನಡೆಯುವ ಕಡೆ ಹೋಗು.

ತುಂಗಾತೀರ (ಶಿವಮೊಗ್ಗ)

ನಿಮ್ಮೆಲ್ಲರ ಪ್ರಶ್ನೆ ಬರೆದಿಟ್ಟುಕೊಂಡು ಮತ್ತೆ ಫೋನ್ ಮಾಡಿದೆ. ಒಂದು ಕಡೆ ಇನ್‌ಸ್ಟ್ರಕ್ಟರ್ ಹೆಸರು ಆಗ ಹೇಳುತ್ತೇವೆ, ಬನ್ನಿ ಅಂದರು. ಬಿಟ್ಟೆ. ಇನ್ನೊಂದು ಕಡೆ ಕಲಿಸುವವರೇ ಸಂಜೆ ವಾಪಸ್ ಫೋನ್ ಮಾಡಿ ನನ್ನ ಹೆಂಡತಿಯ ಜೊತೆ ಮಾತಾಡಿದರು. ಅವಳಿಗೆ ಯಾವಾಗ ಭಯ ಶುರುವಾಗುತ್ತದೆ, ಸ್ನಾನ ಮಾಡುವಾಗ ಮುಖಕ್ಕೆ ನೀರು ಬಿದ್ದರೆ ಹೇಗೆ ಅಂತೆಲ್ಲ ಕೇಳಿದರು. ಈಜು ಪರೀಕ್ಷೆ 200 ಮೀಟರ್, ಜೊತೆಗೆ 10 ನಿಮಿಷ ತೇಲುವುದು, ಈಜಿಗೆ ಸಮಯದ ಮಿತಿ ಇಲ್ಲ, ಯಾವ ಶೈಲಿಯಾದರೂ ಸರಿ, ಇನ್ನೂ ಸಮಯ ಇದೆ, ಅಭ್ಯಾಸ ಮಾಡಿಕೊಂಡು ಬನ್ನಿ ಅಂದರು. ನಮ್ಮಿಬ್ಬರದೇ ಬ್ಯಾಚ್. ಅವರನ್ನೇ ಒಪ್ಪಿಕೊಂಡೆವು. ಈಜುಕೊಳದ ಪಾಠ ಬೆಂಗಳೂರಿನಲ್ಲಿ, ಸಮುದ್ರದ ಡೈವ್ ನೇತ್ರಾಣಿಯಲ್ಲಿ.

ಎರಡು ಪ್ರಶ್ನೆ ಉಳಿದಿದೆ. ಕೊನೆಯ ಡೈವ್ ಮುಗಿಸಿ ಅವತ್ತೇ ರಾತ್ರಿ ಘಾಟಿ ಹತ್ತಿ ಮನೆಗೆ ಬರಬಹುದಾ? ಸ್ವಂತ ಸಾಮಾನು ಏನಾದರೂ ಕೊಳ್ಳಬೇಕಾ?

ಮಂಗಳೂರು ಇಎನ್‌ಟಿ

ಅವತ್ತೇ ಬೇಡ. ವಿಮಾನಕ್ಕೆ ಹೇಳುವ ನಿಯಮ ಎಲ್ಲರಿಗೂ ಗೊತ್ತು: ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಬೇಕು. ಆದರೆ ಡೈವ್ ಮಾಡುವಾಗ ಉಸಿರಿನ ಗಾಳಿಯಿಂದ ಸೇರಿ ಮೈಯಲ್ಲಿ ಉಳಿದ ಸಾರಜನಕಕ್ಕೆ ವಿಮಾನ ಆದರೇನು, ಬಸ್ಸು ಆದರೇನು? ಎತ್ತರ ಏರಿದರೆ ಒತ್ತಡ ಇಳಿಯುತ್ತದೆ. ಆ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಶಿವಮೊಗ್ಗ ಅಷ್ಟಿಲ್ಲ, ಆದರೂ ದಾರಿಯಲ್ಲಿ ಘಾಟಿ ಏರಲೇಬೇಕು. ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡಿ. ಕೀಲು ನೋವು, ಜೋಮು, ತಲೆಸುತ್ತು ಬಂದರೆ ಆಯಾಸ ಅಂತ ಸುಮ್ನೆ ಮಲಗಬೇಡಿ, ತಕ್ಷಣ ಇನ್‌ಸ್ಟ್ರಕ್ಟರ್‌ಗೆ ಹೇಳಿ.

ಗೋಸುಂಬೆ ಮೀನು

ಸಾಮಾನು ಈಗ ಏನೂ ಬೇಡ, ಹೆಂಡತಿಗೆ ಒಂದು ಒಳ್ಳೆಯ ಮಾಸ್ಕ್ ಬಿಟ್ಟರೆ. ಬಾಡಿಗೆ ಮಾಸ್ಕ್ ಎಲ್ಲರ ಮುಖಕ್ಕೂ ಕೂರುವುದಿಲ್ಲ, ಸೋರಿದರೆ ಭಯ ವಾಪಸ್ ಬರುತ್ತದೆ. ಅಂಗಡಿಯಲ್ಲಿ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರು ಎಳೆದು ಕೈ ಬಿಡಲಿ. ಬೀಳದೆ ನಿಂತರೆ ಅದು ಅವರ ಅಳತೆ. ಕೂದಲು ಅಂಚಿಗೆ ಸಿಕ್ಕಿಕೊಳ್ಳದ ಹಾಗೆ ನೋಡಿ. ಹೊಸ ಮಾಸ್ಕಿನ ಗಾಜಿನ ಮೇಲೆ ಒಂದು ಪೊರೆ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಒಳಗಡೆ ಚೆನ್ನಾಗಿ ಉಜ್ಜಿ ತೊಳೆಯಿರಿ, ಇಲ್ಲದಿದ್ದರೆ ಮೊದಲ ಡೈವ್ ಪೂರ್ತಿ ಮಂಜು ಕವಿದಿರುತ್ತದೆ. ಅದನ್ನು ಬೆಂಗಳೂರಿನ ಈಜುಕೊಳದ ಪಾಠಕ್ಕೇ ತೆಗೆದುಕೊಂಡು ಹೋಗಿ, ಸಮುದ್ರಕ್ಕೆ ಹೋಗುವಷ್ಟರಲ್ಲಿ ಅವರಿಗೆ ಅದು ರೂಢಿಯಾಗಿರಲಿ.